ಮಗುವಿನ ಮನಸ್ಸಿನ ಖರ್ಚು ಯಾವ ಲೆಕ್ಕದಲ್ಲಿ?

ನಮ್ಮ ಶಾಲೆಗಳಿಗೆ ಬರುವ ಹಣಕ್ಕೆಲ್ಲ ಒಂದೊಂದು ಲೆಕ್ಕದ ಶೀರ್ಷಿಕೆ ಇದೆ. ಬಿಸಿಯೂಟಕ್ಕೆ ಬೇರೆ, ಸಮವಸ್ತ್ರಕ್ಕೆ ಬೇರೆ, ಕಟ್ಟಡದ ದುರಸ್ತಿಗೆ ಬೇರೆ. ಮುಖ್ಯ ಶಿಕ್ಷಕರು ನಗದು ಪುಸ್ತಕ ತೆರೆದರೆ ಸೀಮೆಸುಣ್ಣದಿಂದ ಕಸಬರಿಗೆಯವರೆಗೆ ಎಲ್ಲದಕ್ಕೂ ಒಂದು ಸಾಲು ಸಿಗುತ್ತದೆ. ಆದರೆ ಎರಡು ತಿಂಗಳಿಂದ ಯಾರೊಡನೆಯೂ ಮಾತನಾಡದೆ ಮೂಲೆಯಲ್ಲಿ ಕೂರುವ ನಾಲ್ಕನೆಯ ತರಗತಿಯ ಮಗುವಿಗೆ ನೆರವು ಕೊಡಿಸುವ ಖರ್ಚನ್ನು ಯಾವ ಸಾಲಿನಲ್ಲಿ ಬರೆಯಬೇಕು? ಅಂಥ ಸಾಲು ನಗದು ಪುಸ್ತಕದಲ್ಲಿ ಕಾಣುವುದಿಲ್ಲ. ಸಾಲು ಇಲ್ಲದ ಕೆಲಸ ಸರ್ಕಾರಿ ವ್ಯವಸ್ಥೆಯಲ್ಲಿ ತಾನಾಗಿ ನಡೆಯುವುದು ಅಪರೂಪ. ಮಕ್ಕಳ ಮಾನಸಿಕ ಆರೋಗ್ಯದ ಬಗ್ಗೆ ನಾವು ಚರ್ಚಿಸಬೇಕಾದ ಮುಖ್ಯ ವಿಷಯ ಇದೇ ಎಂದು ನನಗೆ ಅನ್ನಿಸುತ್ತದೆ.

ಮನಸ್ಸೂ ಕಲಿಕೆಯ ಭಾಗ

ಮಗು ಮನಸ್ಸಿನಲ್ಲೇ ಒಂದು ಕೂಡುವ ಲೆಕ್ಕ ಮಾಡುತ್ತಿದೆ ಎನ್ನಿ. ದಶಕವನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನ ಸ್ಥಾನಕ್ಕೆ ಹೋಗಬೇಕು. ಹೀಗೆ ಕ್ಷಣಕಾಲ ಹಿಡಿದಿಡುವ ನೆನಪಿನ ಜಾಗ ಬಹಳ ಚಿಕ್ಕದು. ಮಿದುಳಿನ ಮುಂಭಾಗ ಈ ಕೆಲಸದಲ್ಲಿ ಪ್ರಮುಖ ಪಾತ್ರ ವಹಿಸುತ್ತದೆ. ಭಯ, ಕಳವಳಗಳು ಅದೇ ಜಾಗವನ್ನು ಆಕ್ರಮಿಸಿಕೊಳ್ಳುತ್ತವೆ. ರಾತ್ರಿ ಮನೆಯಲ್ಲಿ ನಡೆದ ಜಗಳ ತಲೆಯಲ್ಲಿ ಸುತ್ತುತ್ತಿರುವಾಗ ದಶಕಕ್ಕೆ ಅಲ್ಲಿ ಜಾಗವಿರುವುದಿಲ್ಲ. ಇಂಥ ಮಗುವನ್ನು ನಾವು 'ದಡ್ಡ' ಎನ್ನುತ್ತೇವೆ, ಇಲ್ಲವೇ 'ಸೋಮಾರಿ' ಎನ್ನುತ್ತೇವೆ. ಎಷ್ಟೋ ವೇಳೆ ಮಗುವಿನ ದುಃಖ ಹೊಟ್ಟೆನೋವು, ತಲೆನೋವುಗಳ ರೂಪದಲ್ಲೂ ಕಾಣಿಸಿಕೊಳ್ಳುತ್ತದೆ.

ಮಾನಸಿಕ ತೊಂದರೆಗಳಲ್ಲಿ ಮೂರನೆಯ ಒಂದು ಭಾಗ 14 ವರ್ಷಕ್ಕೆ ಮೊದಲೇ, ಅರ್ಧದಷ್ಟು 18 ವರ್ಷಕ್ಕೆ ಮೊದಲೇ ಆರಂಭವಾಗುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಹಾನ್ಸ್ ನೇತೃತ್ವದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಇಂಥ ತೊಂದರೆ ಕಂಡುಬಂದಿತು. ಆ ವಯಸ್ಸಿನ ಮೂವತ್ತು ಮಕ್ಕಳಿರುವ ತರಗತಿಯಲ್ಲಿ ಸರಾಸರಿ ಇಬ್ಬರು ಎಂದಾಯಿತು. ಅವರೂ ನಮ್ಮ ಪ್ರಾಥಮಿಕ ಶಾಲೆಯ ಬೆಂಚುಗಳನ್ನು ದಾಟಿಯೇ ಹೋದವರು.

ಯೋಜನೆಗಳಿಗೆ ಕೊರತೆಯಿಲ್ಲ

ಈ ವಿಷಯದಲ್ಲಿ ನಮ್ಮ ರಾಜ್ಯ ಹಿಂದುಳಿದದ್ದೇನಲ್ಲ. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ 1982ರಲ್ಲಿ ಆರಂಭವಾಯಿತು. ಅದನ್ನು ಜಿಲ್ಲಾ ಮಟ್ಟದಲ್ಲಿ ನಡೆಸುವುದು ಹೇಗೆಂದು ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟರೆ ಮನೋರೋಗದ ಚಿಕಿತ್ಸೆ ಹಳ್ಳಿಗೂ ತಲುಪುತ್ತದೆ ಎಂಬುದು ಅಲ್ಲಿ ಸಿದ್ಧವಾಯಿತು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು.

ಬಳಿಕ 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂದಿತು. ಅದರ ಸಂಚಾರಿ ತಂಡ ವರ್ಷಕ್ಕೊಮ್ಮೆ ಶಾಲೆಗೆ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕು. ಕಲಿಕಾ ತೊಂದರೆ, ಆಟಿಸಂ, ಅತಿ ಚಟುವಟಿಕೆಯ ತೊಂದರೆ ಇವೂ ಅದರ ಪಟ್ಟಿಯಲ್ಲಿವೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ಚಿಕಿತ್ಸೆಯನ್ನು ಹಕ್ಕೆಂದು ಸಾರಿತು. 2020ರಲ್ಲಿ ಪ್ರತಿ ಶಾಲೆಯ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳಾಗಿ ತರಬೇತುಗೊಳಿಸುವ ಯೋಜನೆ ಹಿರಿಯ ಪ್ರಾಥಮಿಕ ತರಗತಿಗಳಿಂದ ಆರಂಭವಾಯಿತು. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಸಹಾಯವಾಣಿ ಶುರುವಾಯಿತು. 14416ಕ್ಕೆ ಕರೆ ಮಾಡಿದರೆ ಉಚಿತ ಸಲಹೆ ದೊರೆಯುತ್ತದೆ.

ಹಾಗಾದರೆ ಕೊರತೆ ಎಲ್ಲಿ? ವರ್ಷಕ್ಕೊಂದು ದಿನ ಬರುವ ತಂಡಕ್ಕೆ ಮೌನವಾಗಿರುವ ಮಗು ಆರೋಗ್ಯವಂತ ಮಗುವಿನಂತೆಯೇ ಕಾಣುತ್ತದೆ. ಆಯುಷ್ಮಾನ್ ಭಾರತ್ ಕಾರ್ಡಿನಲ್ಲಿ ಮಾನಸಿಕ ಕಾಯಿಲೆಗೂ ಚಿಕಿತ್ಸೆ ಉಂಟು, ಆದರೆ ಆ ವಿಮೆ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ಮಗುವಿಗೆ ಬೇಕಾದದ್ದು ಹಾಸಿಗೆಯಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ಕುಳಿತು ಮಾತನಾಡುವ, ತಿಳಿದ ವ್ಯಕ್ತಿ ಬೇಕು. ಹಾಸಿಗೆಗೆ ಬಿಲ್ಲು ಬರೆಯಬಹುದು, ಆ ಅರ್ಧ ಗಂಟೆಗೆ ಬರೆಯಲಾಗದು.

ಇನ್ನು ಜಿಲ್ಲಾ ಆಸ್ಪತ್ರೆಗೆ ಹೋಗುವ ಮಾತು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ತಾಯಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಖರ್ಚಿಲ್ಲ. ಆದರೆ ಎಂಟು ವಾರ ಎಂಟು ಬಾರಿ ಹೋಗಬೇಕೆಂದರೆ ಎಂಟು ದಿನದ ಕೂಲಿ ಹೋಗುತ್ತದೆ. ಆ ಹಣ ಯಾರು ಕೊಡುತ್ತಾರೆ? ಮೂರನೆಯ ವಾರಕ್ಕೇ ಹೋಗುವುದು ನಿಂತರೆ ತಾಯಿಯನ್ನು ದೂರುವಂತಿಲ್ಲ.

ಅಮೆರಿಕದಿಂದ ಕಲಿಯಬಹುದಾದದ್ದು

ಶಾಲೆಯೇ ಈ ಸೇವೆಗೆ ಬಿಲ್ಲು ಮಾಡುವ ಪದ್ಧತಿ ಅಮೆರಿಕದಲ್ಲಿದೆ. ಅಲ್ಲಿ ಬಡವರಿಗಾಗಿ 1965ರಲ್ಲಿ ಬಂದ ಮೆಡಿಕೈಡ್ ಎಂಬ ಸರ್ಕಾರಿ ಆರೋಗ್ಯ ವಿಮೆ ಇದೆ. ಅಂಗವಿಕಲ ಮಕ್ಕಳಿಗೆ ಶಾಲೆ ಕೊಡುವ ಚಿಕಿತ್ಸಾ ಸೇವೆಗೆ ಅದರಿಂದ ಹಣ ಪಡೆಯಲು 1988ರ ಕಾನೂನು ಅವಕಾಶ ಮಾಡಿತು. ಆದರೆ ಎಲ್ಲ ಮಕ್ಕಳಿಗೂ ಉಚಿತವಾಗಿ ಕೊಡುವ ಸೇವೆಗೆ ಹಣ ಸಿಗದು ಎಂಬ ನಿಯಮ ಬಹುಕಾಲ ಅಡ್ಡವಾಗಿತ್ತು. 2014ರಲ್ಲಿ ಅದನ್ನು ಸಡಿಲಿಸಿದರು.

ಇದರಿಂದ ಶಾಲೆಗಳಿಗೆ ಹಣ ಬಂದದ್ದು ನಿಜ. ಅದರೊಂದಿಗೆ ಕಾಗದವೂ ಬಂದಿತು. ಪೋಷಕರ ಒಪ್ಪಿಗೆ, ಸೇವೆ ಕೊಟ್ಟವರ ಅರ್ಹತೆ, ಕೊಟ್ಟ ಸೇವೆಯ ವಿವರ ಎಲ್ಲವನ್ನೂ ದಾಖಲಿಸಬೇಕು. ಯಾವುದೋ ಒಂದು ನಿಮಿಷವನ್ನು ಆರಿಸಿ, ಆ ಹೊತ್ತಿನಲ್ಲಿ ನೀವು ಏನು ಮಾಡುತ್ತಿದ್ದಿರಿ ಎಂದು ಸಿಬ್ಬಂದಿಯನ್ನು ಕೇಳಿ ಖರ್ಚು ಲೆಕ್ಕ ಹಾಕುವ ಪದ್ಧತಿಯೂ ಇದೆ. ದೊಡ್ಡ ಶಾಲಾ ಜಿಲ್ಲೆಗಳು ಇದಕ್ಕೆಂದೇ ಗುಮಾಸ್ತರನ್ನು ಇಟ್ಟುಕೊಳ್ಳಬಲ್ಲವು. ಹಳ್ಳಿಯ ಸಣ್ಣ ಶಾಲೆಗಳಿಗೆ ಅದು ಕಷ್ಟ.

ಇನ್ನೊಂದು ಪಾಠವೂ ಇದೆ. 2022ರಲ್ಲಿ ಟೆಕ್ಸಾಸಿನ ಶಾಲೆಯೊಂದರಲ್ಲಿ ನಡೆದ ಗುಂಡಿನ ದಾಳಿಯ ಬಳಿಕ ಶಾಲಾ ಮನಶ್ಶಾಸ್ತ್ರಜ್ಞರನ್ನು ನೇಮಿಸಲು ನೂರು ಕೋಟಿ ಡಾಲರ್ ಅನುದಾನ ಮಂಜೂರಾಯಿತು. ಸರ್ಕಾರ ಬದಲಾದ ಮೇಲೆ, 2025ರ ಏಪ್ರಿಲ್‌ನಲ್ಲಿ, ಆ ಅನುದಾನಗಳನ್ನು ಮುಂದುವರಿಸುವುದಿಲ್ಲ ಎಂಬ ಪ್ರಕಟಣೆ ಹೊರಬಿತ್ತು. ವಿವಾದ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ದುರಂತದ ಕಣ್ಣೀರಿನಲ್ಲಿ ಬಂದ ಹಣ ಕಣ್ಣೀರು ಒಣಗಿದಂತೆ ಹೋಗಬಹುದು.

ನಮಗೆ ಬೇಕಾದದ್ದು

ಹಣ ಸ್ಥಿರವಾಗಿರಬೇಕು, ಆದರೆ ಒಂದೊಂದು ಮಗುವಿನ ಹೆಸರಿನಲ್ಲಿ ಬಿಲ್ಲು ಬರೆಯುವಂತಿರಬಾರದು. ಬಿಲ್ಲಿಗಾಗಿ ಮಗುವಿನ ಹೆಸರಿನ ಮುಂದೆ ರೋಗದ ಹೆಸರು ಬರೆಯಬೇಕಾಗುತ್ತದೆ. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಆ ಹಣೆಪಟ್ಟಿ ಮಗುವನ್ನು ಬಹುಕಾಲ ಬಿಡುವುದಿಲ್ಲ.

ನನ್ನ ಸಲಹೆ ಮೂರು. ಒಂದು, ಪ್ರತಿ ತಾಲ್ಲೂಕಿಗೂ ಮಕ್ಕಳ ಆಪ್ತಸಲಹೆಗಾರರ ಕಾಯಂ ಹುದ್ದೆ ಇರಲಿ. ಅವರು ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿದ್ದು ನಿಗದಿತ ದಿನಗಳಂದು ಕ್ಲಸ್ಟರ್‌ಗಳಿಗೆ ಬರಲಿ. ತಿಂಗಳ ಸಂಬಳ ಕೊಟ್ಟರೆ ಸಾಕು, ಮಗುವಿಗಿಷ್ಟೆಂದು ಲೆಕ್ಕ ಬೇಡ. ಎರಡು, ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದ ಮಗುವಿನ ಜೊತೆ ಹೋಗುವ ಪೋಷಕರಿಗೆ ಆ ದಿನದ ಕೂಲಿ ಸಿಗಲಿ. ಮೂರು, ಆರೋಗ್ಯ ರಾಯಭಾರಿಯಾದ ಶಿಕ್ಷಕರ ವೇಳಾಪಟ್ಟಿಯಲ್ಲಿ ಈ ಕೆಲಸಕ್ಕೆ ಒಂದು ಅವಧಿಯನ್ನು ಬಿಡಿಸಿ ಕೊಡಲಿ. ಇನ್ನೊಂದು ರಿಜಿಸ್ಟರ್ ಕೊಡುವುದು ಬೇಡ.

'ಶಿಕ್ಷಕರೇ ಸಾಲದಿರುವಾಗ ಸಲಹೆಗಾರರು ಎಲ್ಲಿಂದ?' ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. 30ಕ್ಕಿಂತ ಹೆಚ್ಚು ಮಕ್ಕಳಿಲ್ಲದ ಶಾಲೆಗೆ ಸಮಗ್ರ ಶಿಕ್ಷಣದ ಶಾಲಾ ಅನುದಾನವಾಗಿ 2021ರ ಬಳಿಕ ನಿಗದಿಯಾದದ್ದು ವರ್ಷಕ್ಕೆ 10,000 ರೂಪಾಯಿ. ಅದರಲ್ಲಿ ಬಲ್ಬು, ನಲ್ಲಿ, ಸುಣ್ಣಬಣ್ಣಗಳೇ ನಡೆಯುವುದು ಕಷ್ಟ. ಹಾಗೆಂದೇ ಈ ಖರ್ಚು ಶಾಲೆಯ ತಲೆಯ ಮೇಲೆ ಬೀಳಬಾರದು, ಅದು ಪ್ರತ್ಯೇಕ ಸಾಲಾಗಿ ಬರಬೇಕು. ಬಿಸಿಯೂಟದ ಕಥೆಯನ್ನೇ ನೋಡಿ. ಹಸಿದ ಮಗು ಕಲಿಯದು ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ಬೇಯಿಸಿದ ಊಟ ಕೊಡಲೇಬೇಕೆಂದು 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಬೇಕಾಯಿತು. ಹಣಕ್ಕೆ ಸ್ಥಿರವಾದ ಸಾಲು ಸಿಕ್ಕ ಮೇಲೆ ಊಟ ದಿನದಿನವೂ ಬರತೊಡಗಿತು. ಅಂಜಿದ ಮಗುವೂ ಕಲಿಯಲಾರದು. ಅದಕ್ಕೂ ಅಂಥ ಸಾಲು ಬೇಕಲ್ಲವೇ?

ಸರ್ಕಾರ ಕೊಡುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಶಿಕ್ಷಕರು ರೋಗ ಗುರುತಿಸುವ ವೈದ್ಯರಲ್ಲ, ಆದರೆ ಮಗು ಬದಲಾದದ್ದನ್ನು ಮೊದಲು ಕಾಣುವವರು ಅವರೇ. ಗೆಳೆಯರನ್ನು ಬಿಟ್ಟ, ಊಟ ಬಿಟ್ಟ, ಪದೇ ಪದೇ ಶಾಲೆ ತಪ್ಪಿಸುವ ಮಗುವಿನ ಬಗ್ಗೆ ಪೋಷಕರೊಡನೆ ಗುಟ್ಟಾಗಿ ಮಾತನಾಡಬಹುದು. ತಪಾಸಣಾ ತಂಡ ಬಂದಾಗ ಅದನ್ನು ಬೇರೆಯಾಗಿ ಕರೆದು ತಿಳಿಸಬಹುದು. 14416ಕ್ಕೆ ಕರೆ ಮಾಡಿ ಸಲಹೆ ಕೇಳಬಹುದು.

ಇದಕ್ಕಿಂತ ಮುಖ್ಯವಾದ ಕೆಲಸವೊಂದಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 22ನೆಯ ಪ್ರಕರಣದ ಪ್ರಕಾರ ಶಾಲಾ ಸಮಿತಿ ಸಿದ್ಧಪಡಿಸುವ ಶಾಲಾಭಿವೃದ್ಧಿ ಯೋಜನೆಯೇ ಸರ್ಕಾರದ ಅನುದಾನಕ್ಕೆ ಆಧಾರವಾಗಬೇಕು. ಈ ವರ್ಷ ಎಸ್.ಡಿ.ಎಂ.ಸಿ. ಸಭೆಯಲ್ಲಿ ಆ ಯೋಜನೆ ಬರೆಯುವಾಗ ಕಾಂಪೌಂಡು, ಶೌಚಾಲಯಗಳ ಕೆಳಗೆ ಇನ್ನೊಂದು ಸಾಲು ಸೇರಿಸೋಣ: 'ಮಕ್ಕಳಿಗೆ ಆಪ್ತಸಲಹೆ'. ಒಂದು ಶಾಲೆ ಬರೆದರೆ ಕಡತದಲ್ಲಿ ಉಳಿಯಬಹುದು. ತಾಲ್ಲೂಕಿನ ಎಲ್ಲ ಶಾಲೆಗಳೂ ಬರೆದರೆ ಯಾರಾದರೂ ಅದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.