ಬೋರ್ಡು ಕನ್ನಡವಾಯಿತು, ವೆಬ್‌ಸೈಟು ಯಾವಾಗ?

ಕನ್ನಡದ ಹುಡುಗರೇ, ಹುಡುಗಿಯರೇ,

2023ರ ಡಿಸೆಂಬರ್ 27ರಂದು ಬೆಂಗಳೂರಿನ ಬೀದಿಗಳಲ್ಲಿ ಕನ್ನಡದ ಬೋರ್ಡಿಗಾಗಿ ಹೋರಾಟ ನಡೆಯಿತು. ಹೋರಾಟಗಾರರ ಬಂಧನವಾಯಿತು. ಆಮೇಲೆ ಸರ್ಕಾರಕ್ಕೆ ಎಚ್ಚರವಾಯಿತು. 2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿ ಬಂತು. ನಾಮಫಲಕದಲ್ಲಿ ಶೇ. 60ರಷ್ಟು ಜಾಗ, ಅದೂ ಮೇಲ್ಭಾಗದಲ್ಲಿ, ಕನ್ನಡಕ್ಕೆ ಎಂದಾಯಿತು. ಸಂತೋಷ.

ಆದರೆ ಅದೇ ಅಂಗಡಿಯ ವೆಬ್‌ಸೈಟನ್ನು ತೆರೆದು ನೋಡಿದ್ದೀರಾ? ಬೀದಿಯಲ್ಲಿ ದೊಡ್ಡಕ್ಷರದ ಕನ್ನಡ, ಮೊಬೈಲಿನಲ್ಲಿ ಒಂದಕ್ಷರವೂ ಇಲ್ಲ. ಬೋರ್ಡು ನೋಡಿ ಒಳಗೆ ಹೋಗುವವರಿಗಿಂತ ಬೆರಳು ಒತ್ತಿ ಒಳಗೆ ಹೋಗುವವರು ಹೆಚ್ಚುತ್ತಿರುವ ಕಾಲ ಇದು. ಔಷಧಿ, ಬಸ್ ಟಿಕೆಟ್, ವಿಮೆ, ಸಾಲ, ಆಸ್ಪತ್ರೆಯ ಟೋಕನ್ನು, ಎಲ್ಲವೂ ಅಲ್ಲಿಗೇ ಹೋಗಿ ಕೂತಿವೆ. ಆ ಬಾಗಿಲಲ್ಲಿ ಕನ್ನಡವಿಲ್ಲದಿದ್ದರೆ ಬೀದಿಯ ಬೋರ್ಡು ಬರೀ ಅಲಂಕಾರ.

2011ರ ಜನಗಣತಿಯ ಪ್ರಕಾರ ಕನ್ನಡ ತಾಯ್ನುಡಿಯವರು 4 ಕೋಟಿ 37 ಲಕ್ಷ. ಇಷ್ಟು ದೊಡ್ಡ ಮಾರುಕಟ್ಟೆಯ ಮುಂದೆ ಕೂತು ನಮ್ಮ ಭಾಷೆ ಬೇಡ ಎನ್ನುವ ವ್ಯಾಪಾರಿಯ ಧೈರ್ಯ ಮೆಚ್ಚಬೇಕು! ಆ ಧೈರ್ಯ ಬಂದದ್ದು ಎಲ್ಲಿಂದ? ನಮ್ಮ ಮೌನದಿಂದ. ಬೆಂಗಳೂರಿನಲ್ಲೇ 2007ರಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ಕನ್ನಡಕ್ಕೆ ಬಂದದ್ದು 2020ರಲ್ಲಿ. ಹದಿಮೂರು ವರ್ಷ ಬೇಕಾಯಿತು! ಹಿಂದಿ ಅದಕ್ಕೂ ಒಂದು ವರ್ಷ ಮೊದಲೇ ಬಂದಿತ್ತು. ಅಮೆಜಾನ್ ಕೂಡ ಮೊದಲು ಹಿಂದಿಗೆ ಮಣೆ ಹಾಕಿ, ಕನ್ನಡವನ್ನು 2020ರಲ್ಲಿ ಕರೆಯಿತು. ಈ ನೆಲದ ನೀರು, ವಿದ್ಯುತ್ತು, ಜಾಗ ಬೇಕು, ಈ ನೆಲದ ಭಾಷೆ ಮಾತ್ರ ಪಂಕ್ತಿಯ ಕೊನೆಯಲ್ಲಿ ಕೂರಬೇಕೆ?

ಮೊದಲ ನೆಪ ತಾಂತ್ರಿಕ ತೊಂದರೆಯದು. ಒಂದು ಕಾಲಕ್ಕೆ ಅದು ನಿಜವಾಗಿತ್ತು. ತೊಂಬತ್ತರ ದಶಕದಲ್ಲಿ ಒಂದೊಂದು ಪತ್ರಿಕೆಗೆ, ಒಂದೊಂದು ತಂತ್ರಾಂಶಕ್ಕೆ ಅದರದೇ ಫಾಂಟು. ಆ ಫಾಂಟು ನಮ್ಮ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಪುಟದ ತುಂಬ ಅರ್ಥವಿಲ್ಲದ ಚಿಹ್ನೆಗಳು. ಬರಹ, ನುಡಿ ತಂತ್ರಾಂಶಗಳನ್ನು ಕಟ್ಟಿಕೊಂಡು ಕನ್ನಡಿಗರೇ ಆ ಕಾಲವನ್ನು ದಾಟಿದರು. ಜಗತ್ತಿನ ಲಿಪಿಗಳನ್ನೆಲ್ಲ ಒಂದೇ ಸಂಕೇತ ವ್ಯವಸ್ಥೆಗೆ ತಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ, ಅಂದರೆ 1991ರಲ್ಲೇ, ಕನ್ನಡಕ್ಕೆ ಜಾಗವಿತ್ತು. 2001ರ ವಿಂಡೋಸ್ ಎಕ್ಸ್‌ಪಿ ಜೊತೆಗೇ ‘ತುಂಗಾ’ ಎಂಬ ಕನ್ನಡ ಫಾಂಟು ಬಂತು. ಇಂದು ನಿಮ್ಮ ಕಿಸೆಯ ಮೊಬೈಲಿನಲ್ಲೇ ಕನ್ನಡವಿದೆ. ಇನ್ನೂ ತಾಂತ್ರಿಕ ತೊಂದರೆ ಎನ್ನುವವನಿಗೆ ಇರುವುದು ಮನಸ್ಸಿನ ತೊಂದರೆ.

ಎರಡನೆಯ ನೆಪ ಇನ್ನೂ ಅಪಾಯದ್ದು: ‘ಕನ್ನಡ ಹಾಕಿದ್ದೇವೆ, ಯಾರೂ ಒತ್ತುವುದಿಲ್ಲ.’ ಗೆಳೆಯರೇ, ಇಲ್ಲಿ ನಾವು ಎಚ್ಚರ ತಪ್ಪಬಾರದು. ಕನ್ನಡ ಹಾಕುವುದು ಒಂದು, ಕನ್ನಡದವರಿಗೆ ಸಲೀಸಾಗುವಂತೆ ಹಾಕುವುದು ಇನ್ನೊಂದು. ಇವರು ಹಾಕಿರುವ ಕನ್ನಡ ಎಂಥದ್ದು ನೋಡಿ.

ಯಂತ್ರಕ್ಕೆ ಇಂಗ್ಲಿಷ್ ತಿನ್ನಿಸಿ ಕನ್ನಡ ಕಕ್ಕಿಸುತ್ತಾರೆ. ರೂಮು ಕಾದಿರಿಸುವ ಗುಂಡಿಯ ಮೇಲೆ ‘ಈಗ ಪುಸ್ತಕ’ ಎಂದು ಬರುತ್ತದೆ. ಮುಖಪುಟ ‘ಮನೆ’ಯಾಗುತ್ತದೆ. ಬಸ್ಸಿನ ಪುಟದಲ್ಲಿ ‘ಬೆಂಗಳೂರು ಇಂದ ಮೈಸೂರು ಗೆ’! ಕನ್ನಡದಲ್ಲಿ ವಿಭಕ್ತಿ ಪದಕ್ಕೆ ಅಂಟಿಕೊಳ್ಳುತ್ತದೆ, ಬಿಡಿಯಾಗಿ ನಿಲ್ಲುವುದಿಲ್ಲ ಎಂಬ ಒಂದನೇ ಪಾಠವೂ ಇವರಿಗೆ ಗೊತ್ತಿಲ್ಲ. ‘ಹೊರಡುವ ಊರು: ಬೆಂಗಳೂರು, ತಲುಪುವ ಊರು: ಮೈಸೂರು’ ಎಂದು ಬರೆದರೆ ಯಾವ ಊರಿಗೂ ಸರಿಹೋಗುತ್ತದೆ. ಇದಕ್ಕೆ ಹಣ ಬೇಡ, ಕನ್ನಡ ಬಲ್ಲ ಒಬ್ಬ ಮನುಷ್ಯ ಸಾಕು.

ಅರ್ಜಿ ತುಂಬುವ ಜಾಗಕ್ಕೆ ಬನ್ನಿ. ಕೊನೆಯ ಹೆಸರು ಕಡ್ಡಾಯ ಎನ್ನುತ್ತದೆ. ನಮ್ಮಲ್ಲಿ, ಅದರಲ್ಲೂ ಹಳೇ ಮೈಸೂರು ಕಡೆ, ಅನೇಕರಿಗೆ ಅಡ್ಡಹೆಸರೇ ಇಲ್ಲ. ತಂದೆಯ ಹೆಸರೋ ಊರಿನ ಹೆಸರೋ ಇನಿಷಿಯಲ್ಲಾಗಿ ಇರುತ್ತದೆ. ಆ ಒಂದಕ್ಷರ ಹಾಕಿದರೆ ಕೆಂಪು ಅಕ್ಷರದಲ್ಲಿ ‘ತಪ್ಪು’ ಎಂಬ ಬೈಗುಳ. ಹೆಸರನ್ನು ಕನ್ನಡದಲ್ಲಿ ಬರೆದರೆ ಒಪ್ಪುವುದೇ ಇಲ್ಲ. ನಮ್ಮ ಹೆಸರು ನಮ್ಮ ಅಕ್ಷರದಲ್ಲಿ ತಪ್ಪಾಗುವುದು ನಮ್ಮದೇ ರಾಜ್ಯದಲ್ಲಿ! ಇದಕ್ಕಿಂತ ಅವಮಾನ ಬೇಕೆ?

ಹುಡುಕುವ ಪಟ್ಟಿಯಲ್ಲಿ ‘ತೊಗರಿಬೇಳೆ’ ಎಂದು ಬರೆದರೆ ಏನೂ ಸಿಗುವುದಿಲ್ಲ, ‘ತೂರ್ ದಾಲ್’ ಎಂದು ಇಂಗ್ಲಿಷಿನಲ್ಲಿ ಬರೆದರೆ ಹತ್ತು ಬಗೆ ಬರುತ್ತದೆ. ಅಕ್ಷರದ ಸಾಲುಗಳನ್ನು ಇಂಗ್ಲಿಷಿಗೆ ಅಳೆದು ಇಟ್ಟಿರುವುದರಿಂದ ನಮ್ಮ ಒತ್ತಕ್ಷರ ಕತ್ತರಿಸಿಹೋಗಿ ‘ಅಕ್ಕ’ ‘ಅಕ’ ಆಗಿರುತ್ತಾಳೆ. ಮೊದಲ ಪುಟ ಮಾತ್ರ ಕನ್ನಡ. ದುಡ್ಡು ಕಟ್ಟುವಲ್ಲಿ, ವಸ್ತು ವಾಪಸು ಕೊಡುವ ಷರತ್ತಿನಲ್ಲಿ, ದೂರು ಕೊಡುವಲ್ಲಿ ಮತ್ತೆ ಇಂಗ್ಲಿಷ್. ಕರೆದು ಕೂರಿಸಿ, ಬಡಿಸುವಾಗ ಎಲೆ ಎಳೆದುಕೊಂಡ ಹಾಗೆ. ಇಂಥ ಕನ್ನಡವನ್ನು ಯಾರು ಒತ್ತುತ್ತಾರೆ? ಒಂದು ಸಲ ಒತ್ತಿದವರು ಸುಸ್ತಾಗಿ ಇಂಗ್ಲಿಷಿಗೆ ಹೋಗುತ್ತಾರೆ. ಮಾಲೀಕ ಅದನ್ನೇ ಲೆಕ್ಕ ಹಿಡಿದು ‘ಕನ್ನಡಕ್ಕೆ ಬೇಡಿಕೆ ಇಲ್ಲ’ ಎಂದು ಷರಾ ಬರೆಯುತ್ತಾನೆ. ಕೆಟ್ಟ ಕನ್ನಡ ಹೀಗೆ ಒಳ್ಳೆಯ ಕನ್ನಡದ ಬಾಗಿಲನ್ನೂ ಮುಚ್ಚಿಸುತ್ತದೆ.

ಇದರಿಂದ ನಷ್ಟ ಯಾರಿಗೆ? ನಿಮಗಲ್ಲ, ನಿಮಗೆ ಇಂಗ್ಲಿಷ್ ಬರುತ್ತದೆ. ನಷ್ಟ ನಿಮ್ಮ ತಾಯಿಗೆ, ಊರಿನಲ್ಲಿರುವ ಚಿಕ್ಕಪ್ಪನಿಗೆ. ಓದಲಾಗದ ಷರತ್ತಿಗೆ ಒಪ್ಪಿಗೆ ಒತ್ತಿ ಸಾಲಕ್ಕೆ ಸಿಕ್ಕಿಕೊಳ್ಳುವವರು ಅವರು. ಮಗ ಸಂಜೆ ಮನೆಗೆ ಬರುವವರೆಗೆ ಔಷಧಿ ತರಿಸಲಾಗದೆ ಕಾಯುವವರು ಅವರು. ಕಣ್ಣು ಕಾಣದವರ ಮಾತು ಇನ್ನೂ ಕಷ್ಟ. ಬರಹವನ್ನು ಚಿತ್ರವಾಗಿ ಅಂಟಿಸಿದ ಪುಟವನ್ನು ಅವರ ಓದುವ ಯಂತ್ರ ಓದುವುದೇ ಇಲ್ಲ.

ಕೆನಡಾದ ಕ್ವಿಬೆಕ್ ಪ್ರಾಂತ್ಯ 1977ರಲ್ಲೇ ಫ್ರೆಂಚ್ ಭಾಷೆಯ ಸನ್ನದನ್ನು ಕಾಯ್ದೆ ಮಾಡಿತು. ವ್ಯಾಪಾರದ ಕ್ಯಾಟಲಾಗು, ಕರಪತ್ರಗಳು ಫ್ರೆಂಚಿನಲ್ಲಿ ಇರಲೇಬೇಕು ಎಂಬ ಅದರ ನಿಯಮ ಅಲ್ಲಿ ನೆಲೆಸಿರುವ ಕಂಪನಿಗಳ ವೆಬ್‌ಸೈಟಿಗೂ ಅನ್ವಯಿಸುತ್ತದೆ.  ಅಲ್ಲಿ ವ್ಯಾಪಾರ ಮಾಡುವ ಕಂಪನಿಗಳು ಫ್ರೆಂಚ್ ಕಲಿತವು.

ಈಗ ಕಹಿ ಮಾತು. ಈ ವೆಬ್‌ಸೈಟುಗಳನ್ನು ಕಟ್ಟುತ್ತಿರುವವರು ಯಾರು? ಹೊರಗಿನವರು ಮಾತ್ರವೇ? ಆ ಕಚೇರಿಗಳಲ್ಲಿ ಕೂತು ಕೀಲಿ ಒತ್ತುತ್ತಿರುವ ಸಾವಿರಾರು ಕೈಗಳು ನಿಮ್ಮವೇ. ನವೆಂಬರಿನಲ್ಲಿ ಕೆಂಪು ಹಳದಿ ಶಾಲು ಹೊದ್ದು ಕ್ಯಾಂಟೀನಿನಲ್ಲಿ ಫೋಟೊ ತೆಗೆಸಿಕೊಳ್ಳುವ ನೀವು, ಮೀಟಿಂಗಿನಲ್ಲಿ ‘ಕನ್ನಡ ಯಾಕಿಲ್ಲ?’ ಎಂದು ಒಮ್ಮೆ ಕೇಳಿದ್ದೀರಾ? ನಮ್ಮದೇ ಹೋಟೆಲು, ಖಾಸಗಿ ಬಸ್ಸು, ಸೀರೆ ಅಂಗಡಿಗಳ ಕನ್ನಡ ಮಾಲೀಕರಾದರೂ ಏನು ಕಡಿಮೆ? ಗಲ್ಲಾದಲ್ಲಿ ಕನ್ನಡ ಮಾತು, ವೆಬ್‌ಸೈಟಿನಲ್ಲಿ ಇಂಗ್ಲಿಷ್ ಠೀವಿ!

ನಮ್ಮ ಒತ್ತಾಯಗಳು ಸ್ಪಷ್ಟ:

1. ಕರ್ನಾಟಕದಲ್ಲಿ ವ್ಯಾಪಾರ ಮಾಡುವ ಪ್ರತಿ ವೆಬ್‌ಸೈಟಿನ ಮೊದಲ ಪುಟದ ಮೇಲ್ಭಾಗದಲ್ಲಿ ‘ಕನ್ನಡ’ ಎಂದು ಕನ್ನಡ ಅಕ್ಷರದಲ್ಲೇ ಇರಬೇಕು. ಒಮ್ಮೆ ಆರಿಸಿದರೆ ಕೊನೆಯ ಪುಟದವರೆಗೂ ಕನ್ನಡವೇ ನಡೆಯಬೇಕು.

2. ಬೆಲೆ, ಷರತ್ತು, ವಾಪಸಾತಿ, ದೂರು, ಈ ನಾಲ್ಕು ಮೊದಲು ಕನ್ನಡಕ್ಕೆ ಬರಲಿ. ಜಾಹೀರಾತು ಆಮೇಲೆ ಬರಲಿ.

3. ಹೆಸರು, ವಿಳಾಸವನ್ನು ಕನ್ನಡದಲ್ಲಿ ಬರೆದರೂ ತೆಗೆದುಕೊಳ್ಳಲಿ. ‘ಗಣಪತಿ ದೇವಸ್ಥಾನದ ಹಿಂದೆ, ಎರಡನೇ ಅಡ್ಡರಸ್ತೆ’ ಎಂದು ಬರೆಯಲು ಜಾಗವಿರಲಿ.

4. ಜನ ಆಡುವ ಪದ ಹಾಕಿ. ‘ಆರ್ಡರ್ ಮಾಡಿ’ ಎಂದರೆ ತಪ್ಪೇನಿಲ್ಲ. ನಿಘಂಟಿನಿಂದ ಹೆಕ್ಕಿದ, ಯಾರಿಗೂ ಅರ್ಥವಾಗದ ಸಂಸ್ಕೃತ ಪದವೂ ಕನ್ನಡದ ಶತ್ರುವೇ.

5. ಹೊರಗೆ ಬಿಡುವ ಮುನ್ನ ಇಂಗ್ಲಿಷ್ ಬಾರದ ಐದು ಜನರ ಕೈಗೆ ಮೊಬೈಲು ಕೊಟ್ಟು, ಸುಮ್ಮನೆ ಪಕ್ಕದಲ್ಲಿ ಕೂತು ನೋಡಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ತಿದ್ದಿ. ಅವರನ್ನು ತಿದ್ದಲು ಹೋಗಬೇಡಿ.

ನಿಮ್ಮ ಪಾಲಿನ ಕೆಲಸವೂ ಇದೆ. ಕನ್ನಡ ಇರುವ ಕಡೆ ಕನ್ನಡವನ್ನೇ ಒತ್ತಿ, ಲೆಕ್ಕ ಏರಲಿ. ತಪ್ಪು ಕಂಡರೆ ನಕ್ಕು ಚಿತ್ರ ಹಂಚಿ ಸುಮ್ಮನಾಗಬೇಡಿ, ಸರಿಯಾದ ಪದ ಬರೆದು ಕಳಿಸಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ವ್ಯಾಪಾರಿ ದೂರು ಸ್ವೀಕರಿಸುವ ಅಧಿಕಾರಿಯ ಹೆಸರು, ಸಂಪರ್ಕ ವಿವರ ಪ್ರಕಟಿಸಬೇಕು, ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆ ಅಧಿಕಾರಿಗೆ ಕನ್ನಡದಲ್ಲೇ ಬರೆಯಿರಿ. ಒಬ್ಬರು ಬರೆದರೆ ಕಸದ ಬುಟ್ಟಿ ಸೇರೀತು, ಸಾವಿರ ಜನ ಬರೆದರೆ ಕನ್ನಡ ಬಲ್ಲವರನ್ನು ಕೆಲಸಕ್ಕೆ ಇಟ್ಟುಕೊಳ್ಳಲೇಬೇಕಾಗುತ್ತದೆ. ಒಂದು ಭಾಷೆ ಅನ್ನ ಕೊಡುವುದು ಹೀಗೆ.

ಬೋರ್ಡಿನ ಹೋರಾಟಕ್ಕೆ ಬೀದಿಗಿಳಿಯಬೇಕಾಯಿತು. ಈ ಹೋರಾಟಕ್ಕೆ ಕೂತ ಜಾಗವೇ ಸಾಕು. ನಾಳೆ ಬೆಳಿಗ್ಗೆ ಕಚೇರಿಯಲ್ಲಿ ನಿಮ್ಮ ಕಂಪ್ಯೂಟರು ತೆರೆದಾಗ ಶುರು ಮಾಡಿ.