ಘಟಪ್ರಭೆಯ ದಡದಲ್ಲಿ ಎಕರೆ ಇಲ್ಲದವರ ಲೆಕ್ಕ ಯಾರ ಬಳಿ ಇದೆ?

ಮಹಾಲಿಂಗಪುರ ಅಂದರೆ ನಮ್ಮ ಕರಾವಳಿಯಲ್ಲಿ ಹಲವರಿಗೆ ನೆನಪಾಗುವುದು ಬೆಲ್ಲ. ಪಾಯಸಕ್ಕೆ ಹಾಕುವ ಬೆಲ್ಲದ ಅಚ್ಚು ಯಾವ ಊರಿನಿಂದ ಬಂತು ಅಂತ ನಾವು ಸಾಮಾನ್ಯವಾಗಿ ವಿಚಾರಿಸುವುದಿಲ್ಲ. ವಿಚಾರಿಸಿದರೆ ಉತ್ತರ ಒಂದು ನದಿಯ ದಡಕ್ಕೆ ಹೋಗಿ ನಿಲ್ಲುತ್ತದೆ. ಬಾಗಲಕೋಟೆ ಜಿಲ್ಲೆಯ ಈ ಊರು ಎರಡು ನದಿಗಳ ನಡುವೆ ಇದೆ. ದಕ್ಷಿಣಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ಘಟಪ್ರಭೆ, ಉತ್ತರಕ್ಕೆ ರಬಕವಿ-ಬನಹಟ್ಟಿಯ ಆಚೆ ಕೃಷ್ಣೆ. ಊರೊಳಗೆ ಗಾಣದ ಬೆಲ್ಲವೂ ಇದೆ, ಮಗ್ಗದ ಸೀರೆಯೂ ಇದೆ. ಎರಡಕ್ಕೂ ನೀರೇ ಬುಡ.

ಈ ನದಿಯ ಬಗ್ಗೆ ಈಗ ನಡೆಯುತ್ತಿರುವ ಮಾತೆಲ್ಲ ಎಕರೆಯ ಮಾತು. ಎಷ್ಟು ಎಕರೆ ಮುಳುಗುತ್ತದೆ, ಎಕರೆಗೆ ಎಷ್ಟು ಲಕ್ಷ ಸಿಗುತ್ತದೆ, ಅಷ್ಟೇ. ಎಕರೆಯೇ ಇಲ್ಲದವರು ನದಿಯ ದಡದಲ್ಲಿ ಸಾವಿರಾರು ಮಂದಿ ಇದ್ದಾರೆ. ಅವರ ಲೆಕ್ಕವನ್ನು ಮೊದಲು ಬರೆಯಬೇಕು ಎಂಬುದು ನಮ್ಮ ವಾದ.

ನದಿಯ ದಾರಿಯನ್ನು ಒಮ್ಮೆ ನೋಡೋಣ. ಘಟಪ್ರಭೆ ಹುಟ್ಟುವುದು ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ. ಅಲ್ಲಿಂದ ಅರಬ್ಬಿ ಸಮುದ್ರ ಹತ್ತಿರವೇ. ಆದರೂ ಅದು ನಮ್ಮ ನೇತ್ರಾವತಿಯ ಹಾಗೆ ಪಶ್ಚಿಮಕ್ಕೆ ಇಳಿಯುವುದಿಲ್ಲ. ಬೆನ್ನು ತಿರುಗಿಸಿ ಪೂರ್ವಕ್ಕೆ ನಡೆಯುತ್ತದೆ. ಗೋಕಾಕದಲ್ಲಿ ಸುಮಾರು 52 ಮೀಟರ್ ಎತ್ತರದಿಂದ ಧುಮುಕಿ, ಮುಧೋಳವನ್ನು ಹಾದು, ಬಾಗಲಕೋಟೆಯ ಬದಿಯಿಂದ ಹರಿದು, ಬೀಳಗಿ ತಾಲೂಕಿನ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಒಟ್ಟು ಉದ್ದ ಸುಮಾರು 283 ಕಿಲೋಮೀಟರ್. ಹಿರಣ್ಯಕೇಶಿ, ಮಾರ್ಕಂಡೇಯ ಇದರ ಉಪನದಿಗಳು.

ಮುಧೋಳ, ಮಹಾಲಿಂಗಪುರದ ಕಡೆ ಮಳೆ ಕಡಿಮೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು. ನಮ್ಮಲ್ಲಿ ಜುಲೈ ಒಂದೇ ತಿಂಗಳಲ್ಲಿ ಅದಕ್ಕಿಂತ ಹೆಚ್ಚು ಸುರಿಯುತ್ತದೆ. ಅಂಥ ಒಣನಾಡಿಗೆ ಕಬ್ಬು ಬಂದದ್ದು ಹೇಗೆ? ನದಿಯನ್ನು ಕಟ್ಟಿದ್ದರಿಂದ. ಬ್ರಿಟಿಷರ ಕಾಲದಲ್ಲಿ, 1897ರಲ್ಲಿ, ಧೂಪದಾಳದಲ್ಲಿ ಒಡ್ಡು ಕಟ್ಟಿ ಎಡದಂಡೆ ಕಾಲುವೆಗೆ ನೀರು ಬಿಟ್ಟರು. ಅದಕ್ಕೂ ಮೊದಲೇ ಗೋಕಾಕ ಜಲಪಾತದ ನೆತ್ತಿಯಲ್ಲಿ ನೂಲಿನ ಗಿರಣಿ ಬಂದಿತ್ತು. ಸ್ವಾತಂತ್ರ್ಯಾನಂತರ ಹಿಡಕಲ್‌ನಲ್ಲಿ 51 ಟಿಎಂಸಿ ನೀರು ಹಿಡಿಯುವ ರಾಜಾ ಲಖಮಗೌಡ ಜಲಾಶಯ ಎದ್ದಿತು. ಕೃಷ್ಣೆಯ ಕಡೆಯ ಕಥೆ ಇನ್ನೂ ದೊಡ್ಡದು. ಜಮಖಂಡಿ ಬಳಿಯ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಕೂಡಿಸಿ, ಮೈ ಮುರಿದು ದುಡಿದು, 1989ರಲ್ಲಿ ಬ್ಯಾರೇಜು ಕಟ್ಟಿದರು. ಸರಕಾರದ ಬಾಗಿಲಲ್ಲಿ ಕಾದು ಸಾಕಾದವರು ಕಟ್ಟಿದ ಅದಕ್ಕೆ ಶ್ರಮಬಿಂದು ಸಾಗರ ಎಂಬ ಹೆಸರು ನಿಂತಿತು.

ನೀರು ಬಂತು, ಕಬ್ಬು ಬಂತು. ಕಬ್ಬಿನ ಹಿಂದೆ ಗಾಣ ಬಂತು, ಕಾರ್ಖಾನೆ ಬಂತು, ಸಂತೆ ಬೆಳೆಯಿತು. ಇವುಗಳ ಜತೆಗೇ ಭೂಮಿ ಇಲ್ಲದ ದೊಡ್ಡದೊಂದು ಜನಸಮೂಹವೂ ಬೆಳೆಯಿತು. ಕಬ್ಬು ಕಡಿಯುವವರು, ಟ್ರ್ಯಾಕ್ಟರ್ ಓಡಿಸುವವರು, ಗಾಣದ ಕೊಪ್ಪರಿಗೆ ಮುಂದೆ ಬೆಂಕಿ ನೋಡುವವರು, ಕೂಲಿ ಮಗ್ಗ ನೇಯುವವರು, ಪಾಲಿಗೆ ಹೊಲ ಮಾಡುವವರು, ಮೀನು ಹಿಡಿಯುವವರು, ಸಂತೆಯಲ್ಲಿ ತಳ್ಳುಗಾಡಿ ಇಟ್ಟವರು. ಇವರಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದವರೂ ಇದ್ದಾರೆ. ಇವರ ಹೆಸರು ಪಹಣಿಯಲ್ಲಿ ಇಲ್ಲ. ಆದರೆ ಇವರ ಕೈ ಇಲ್ಲದೆ ಒಂದು ಅಚ್ಚು ಬೆಲ್ಲವೂ ನಮ್ಮ ಮನೆಗೆ ಬರುವುದಿಲ್ಲ. ಕನ್ನಡದ ಮಹಾಕವಿ ರನ್ನ ಹುಟ್ಟಿದ್ದು ಇದೇ ಮುಧೋಳದಲ್ಲಿ, ಬಳೆಗಾರರ ಮನೆಯಲ್ಲಿ. ಹೊಲಕ್ಕಿಂತ ಕಸುಬನ್ನು ನಂಬಿ ಬದುಕುವುದು ಈ ದಡಕ್ಕೆ ನಿನ್ನೆ ಮೊನ್ನೆ ಬಂದದ್ದಲ್ಲ.

ನೆರೆ ಬಂದಾಗ ಮೊದಲ ಪೆಟ್ಟು ಬೀಳುವುದು ಇಂಥವರಿಗೇ. ಅಲ್ಲಿನ ನೆರೆಗೆ ಒಂದು ವಿಚಿತ್ರ ಗುಣವಿದೆ. ಮುಧೋಳದಲ್ಲಿ ಬಿಸಿಲಿರುವಾಗಲೇ ನದಿ ಏರಬಹುದು. ಮಳೆ ಬಿದ್ದಿರುವುದು ದೂರದ ಘಟ್ಟದಲ್ಲಿ. ಹಿಡಕಲ್ ಜಲಾಶಯದ ಗೇಟಿನಿಂದ ಬಿಟ್ಟ ನೀರು ಒಂದು ಕಡೆ, ಹಿರಣ್ಯಕೇಶಿ, ಮಾರ್ಕಂಡೇಯ, ಬಳ್ಳಾರಿ ನಾಲೆಯ ನೀರು ಇನ್ನೊಂದು ಕಡೆ. ಎಲ್ಲ ಒಟ್ಟಾಗಿ ಬಂದರೆ ಮಹಾಲಿಂಗಪುರದ ಬದಿಯ ಢವಳೇಶ್ವರ, ನಂದಗಾಂವದ ಸೇತುವೆಗಳು ನೀರಿನಡಿ ಹೋಗುತ್ತವೆ. 2019ರ ಆಗಸ್ಟ್‌ನಲ್ಲಿ ಮುಧೋಳ ಪಟ್ಟಣದ ತಗ್ಗು ಪ್ರದೇಶಗಳಿಗೂ ನೀರು ನುಗ್ಗಿತ್ತು. ಅದೇ ವಾರ ನಮ್ಮ ಬೆಳ್ತಂಗಡಿಯ ಚಾರ್ಮಾಡಿ ಸುತ್ತಲಿನ ಊರುಗಳೂ ನೀರು-ಕೆಸರಿನಲ್ಲಿ ಮುಳುಗಿದ್ದವು. ಒಂದೇ ಮಳೆಗಾಲ ಘಟ್ಟದ ಎರಡೂ ಮಗ್ಗುಲಿಗೆ ಸುರಿದಿತ್ತು. ನದಿ ಬೇರೆಯಾದರೂ ಸಂಕಟ ಒಂದೇ.

ನೆರೆ ಇಳಿದ ಮೇಲೆ ಬೆಳೆಹಾನಿ ಲೆಕ್ಕ ಮಾಡುತ್ತಾರೆ, ಮನೆಹಾನಿ ಲೆಕ್ಕ ಮಾಡುತ್ತಾರೆ. ಮಾಡಲೇಬೇಕು. ಆದರೆ ಬಾಡಿಗೆ ಮನೆಯಲ್ಲಿದ್ದವನ ನೆನೆದ ನೂಲು ಯಾವ ಕಾಲಂಗೆ ಬರುತ್ತದೆ? ಕಬ್ಬು ಕೊಳೆತ ಮೇಲೆ ಆ ಹಂಗಾಮಿನ ಕೂಲಿ ಕಳೆದುಕೊಂಡವಳ ದಿನಗಳು ಯಾವ ಕಾಲಂಗೆ? ಪಾಣೆಮಂಗಳೂರಿನ ಆಲಡ್ಕ, ಬಂಟ್ವಾಳದ ತಗ್ಗು ಬೀದಿಗಳಲ್ಲಿ ಇರುವವರಿಗೆ ಈ ಪ್ರಶ್ನೆ ಬಿಡಿಸಿ ಹೇಳಬೇಕಿಲ್ಲ. 1923ರ ಮಾರಿಬೊಳ್ಳವನ್ನು ನಮ್ಮ ಹಿರಿಯರು ಹೇಳಿ ಹೇಳಿ ನಮಗೆ ಬಾಯಿಪಾಠ ಆಗಿದೆ. 1974ರದ್ದನ್ನು ಕಣ್ಣಾರೆ ಕಂಡವರು ಇನ್ನೂ ಇದ್ದಾರೆ. ನೀರು ಇಳಿದ ಮೇಲೆ ಕಾಗದ ಇದ್ದವನಿಗೆ ಒಂದು ದಾರಿ, ಇಲ್ಲದವನಿಗೆ ಇನ್ನೊಂದು ದಾರಿ ಎಂಬುದು ನಮಗೂ ಗೊತ್ತು.

ನೆರೆ ಬಂದು ಹೋಗುವಂಥದ್ದು. ಆಲಮಟ್ಟಿಯ ಹಿನ್ನೀರು ಬಂದರೆ ನಿಲ್ಲುವಂಥದ್ದು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆ ಅಣೆಕಟ್ಟಿನಲ್ಲಿ ಈಗ 519.60 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸುತ್ತಾರೆ. ಆ ಮಟ್ಟಕ್ಕೇ ಘಟಪ್ರಭೆಯ ದಡದ ಹಳೇ ಬಾಗಲಕೋಟೆಯ ದೊಡ್ಡ ಭಾಗ ಮುಳುಗಿ, ಜನರಿಗಾಗಿ ನವನಗರ ಕಟ್ಟಬೇಕಾಯಿತು. ಮುಂದಿನ ಹಂತದಲ್ಲಿ ಇದನ್ನು 524.256 ಮೀಟರ್‌ಗೆ ಏರಿಸುವ ಯೋಜನೆ ಇದೆ. 2010ರಲ್ಲಿ ಕೃಷ್ಣಾ ಎರಡನೇ ನ್ಯಾಯಮಂಡಳಿ ಅದಕ್ಕೆ ಒಪ್ಪಿಗೆ ಕೊಟ್ಟಿದೆ. ಏರಿಸಿದರೆ ಇನ್ನೂ 75,563 ಎಕರೆ ಮುಳುಗುತ್ತದೆ ಎಂಬುದು ಸರಕಾರದ ಲೆಕ್ಕ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಮುಳುಗಡೆ ಜಮೀನಿಗೆ ದರ ನಿಗದಿ ಮಾಡಿತು. ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ.

ಯೋಜನೆಯೇ ಬೇಡ ಎಂದು ನಾವು ಹೇಳುತ್ತಿಲ್ಲ. ಆ ನೀರಿಗಾಗಿ ವಿಜಯಪುರ, ಯಾದಗಿರಿ, ರಾಯಚೂರು, ಕೊಪ್ಪಳದ ಒಣಹೊಲಗಳು ಕಾಯುತ್ತಿವೆ. ಅಲ್ಲಿಯೂ ಬಡವರೇ ಇರುವುದು. ರೈತನಿಗೆ ಕೊಡುವ ದರ ಹೆಚ್ಚಾಯಿತು ಎಂದೂ ಹೇಳುತ್ತಿಲ್ಲ. ತಲೆಮಾರುಗಳ ಮಣ್ಣಿಗೆ ಯಾವ ದರವೂ ಹೆಚ್ಚಲ್ಲ. ನಾವು ಕೇಳುತ್ತಿರುವುದು ಇಷ್ಟೇ: ಹತ್ತು ಎಕರೆ ಕಬ್ಬು ಮುಳುಗಿದಾಗ ಅದರ ಯಜಮಾನನ ಕೈಗೆ ದುಡ್ಡು ಬಂತು. ಆ ಹತ್ತು ಎಕರೆಯಲ್ಲಿ ವರ್ಷವಿಡೀ ಬದುಕಿದ್ದ ಐದಾರು ಸಂಸಾರಗಳ ಕೈಗೆ ಏನು ಬಂತು?

ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ. 2013ರ ಭೂಸ್ವಾಧೀನ ಮತ್ತು ಪುನರ್ವಸತಿ ಕಾಯ್ದೆಯಲ್ಲೇ ಉತ್ತರ ಇದೆ. ‘ಬಾಧಿತ ಕುಟುಂಬ’ ಎಂದರೆ ಜಮೀನಿನ ಒಡೆಯರು ಮಾತ್ರ ಅಲ್ಲ ಎನ್ನುತ್ತದೆ ಆ ಕಾಯ್ದೆ. ಸ್ವಾಧೀನಕ್ಕೆ ಮೂರು ವರ್ಷ ಮೊದಲಿನಿಂದ ಅಲ್ಲಿ ದುಡಿದು, ಅದನ್ನೇ ಮುಖ್ಯ ಜೀವನೋಪಾಯ ಮಾಡಿಕೊಂಡಿರುವ ಕೃಷಿ ಕಾರ್ಮಿಕರು, ಗೇಣಿದಾರರು, ಪಾಲಿನ ರೈತರು, ಕುಶಲಕರ್ಮಿಗಳು ಕೂಡ ಅದರೊಳಗೆ ಬರುತ್ತಾರೆ. ಕಾನೂನು ಕಂಡ ಮನುಷ್ಯ ಪತ್ರಿಕೆಯ ತಲೆಬರಹದಲ್ಲಿ ಕಾಣುವುದಿಲ್ಲ, ವೇದಿಕೆಯ ಭಾಷಣದಲ್ಲೂ ಕಾಣುವುದಿಲ್ಲ. ಪರಿಹಾರ ಅಂದ ತಕ್ಷಣ ಎಲ್ಲರ ಬಾಯಲ್ಲೂ ಎಕರೆ ಮಾತ್ರ.

‘ಅವರ ಹೆಸರನ್ನು ಎಲ್ಲಿಂದ ಹುಡುಕುವುದು, ಸುಳ್ಳು ಹೆಸರು ಸೇರಿಕೊಳ್ಳುತ್ತದೆ’ ಎನ್ನುವವರಿದ್ದಾರೆ. ಹುಡುಕುವ ಮನಸ್ಸಿದ್ದರೆ ದಾಖಲೆ ಬೇಕಾದಷ್ಟಿದೆ. ಮತದಾರರ ಪಟ್ಟಿ ಇದೆ, ರೇಷನ್ ಕಾರ್ಡ್ ಇದೆ, ಉದ್ಯೋಗ ಖಾತ್ರಿಯ ಕಾರ್ಡ್ ಇದೆ, ಮಗ್ಗದ ಕರೆಂಟ್ ಮೀಟರ್ ಇದೆ. ಈ ನಾಲ್ಕನ್ನೂ ಮುಂದಿಟ್ಟು ಗ್ರಾಮಸಭೆಯಲ್ಲಿ ಪಟ್ಟಿಯನ್ನು ಗಟ್ಟಿಯಾಗಿ ಓದಲಿ. ಯಾರು ಊರಿನವರು, ಯಾರು ಅಲ್ಲ ಅಂತ ಊರಿಗೆ ಗೊತ್ತಿರುತ್ತದೆ. ಪಹಣಿಯಲ್ಲೂ ಸುಳ್ಳು ಹೆಸರು ಬರುವುದುಂಟು. ಹಾಗಂತ ಪಹಣಿಯನ್ನೇ ಬಿಟ್ಟುಬಿಡುತ್ತೇವಾ?

‘ಕೈ ಇದ್ದವನು ಎಲ್ಲಿ ಹೋದರೂ ದುಡಿದು ತಿನ್ನುತ್ತಾನೆ’ ಎಂಬ ಮಾತೂ ಇದೆ. ವ್ಯಾಪಾರ ಮಾಡಿ ಬದುಕಿದ ನಮ್ಮಂಥ ಸಮುದಾಯಕ್ಕೆ ಈ ಮಾತಿನ ಪೊಳ್ಳುತನ ಬೇಗ ತಿಳಿಯುತ್ತದೆ. ಮಗ್ಗಕ್ಕೆ ನೂಲು ಉದ್ರಿ ಕೊಡುವವನು ಬೇಕು, ಸೀರೆ ಕೊಳ್ಳುವವನು ಬೇಕು. ಕೂಲಿಗೆ ಕರೆಯುವ ಮೇಸ್ತ್ರಿ ಬೇಕು. ಅಂಗಡಿಗೆ ಪರಿಚಯದ ಮುಖ ಬೇಕು. ಹೊಸ ಊರಿನಲ್ಲಿ ಸರಕಾರ ಗೋಡೆ ಕಟ್ಟಿಕೊಡಬಹುದು, ಗಿರಾಕಿಯನ್ನು ಕಟ್ಟಿಕೊಡಲು ಆಗುವುದಿಲ್ಲ. ಹಾಗಾಗಿ ಒಂದು ಬೀದಿಯವರನ್ನು ಒಟ್ಟಾಗಿ ಒಂದೇ ಕಡೆಗೆ ಕರೆದುಕೊಂಡು ಹೋಗಬೇಕು. ಹೊಸ ಕಡೆ ದುಡಿಮೆ ನೆಲೆ ನಿಲ್ಲುವ ತನಕ ತಿಂಗಳ ಜೀವನಭತ್ಯೆ ಕೊಡಬೇಕು. ಬಾಡಿಗೆಗೆ ಇದ್ದವರಿಗೂ ನಿವೇಶನ ಸಿಗಬೇಕು. ಈ ಪಟ್ಟಿ ಸಿದ್ಧವಾದ ನಂತರವೇ ಗೇಟು ಏರಬೇಕು, ನೀರು ಬಂದ ಮೇಲಲ್ಲ.

ಇದನ್ನು ಕರಾವಳಿಯ ನಾವೇಕೆ ಮಾತಾಡಬೇಕು ಎಂದು ಯಾರಾದರೂ ಕೇಳಬಹುದು. 2019ರಲ್ಲಿ ಘಟ್ಟದ ಎರಡೂ ಬದಿಯಲ್ಲಿ ಜನ ಒಬ್ಬರಿಗೊಬ್ಬರು ಅಕ್ಕಿ, ಬಟ್ಟೆ ಕಳಿಸಿದರು. ಅದು ಒಳ್ಳೆಯದೇ. ಆದರೆ ಅಕ್ಕಿ ಮುಗಿದ ಮೇಲೂ ಉಳಿಯುವುದು ಹಕ್ಕು. ಬಾಗಲಕೋಟೆಯಲ್ಲಿ ಭೂಮಿ ಇಲ್ಲದವನ ಹೆಸರು ಪಟ್ಟಿಗೆ ಬಂದರೆ, ನಾಳೆ ನೇತ್ರಾವತಿಯ ದಡದಲ್ಲಿ ಬಾಡಿಗೆ ಕೋಣೆಯಲ್ಲಿರುವವನ ಹೆಸರನ್ನು ಬಿಡುವುದು ಯಾವ ಅಧಿಕಾರಿಗೂ ಸುಲಭವಾಗುವುದಿಲ್ಲ. ನಮ್ಮ ಶಾಸಕರು, ಸಂಘಟನೆಗಳು, ಪತ್ರಿಕೆಗಳು ‘ಎಕರೆಗೆ ಎಷ್ಟು’ ಎಂಬ ಪ್ರಶ್ನೆಯ ಪಕ್ಕದಲ್ಲೇ ‘ಎಕರೆ ಇಲ್ಲದವರಿಗೆ ಎಷ್ಟು’ ಎಂಬ ಪ್ರಶ್ನೆಯನ್ನೂ ಪ್ರತಿ ಸಲ ಕೇಳಲಿ.