ಅತಿಥಿಗಳ ಹೆಸರುಂಟು, ಆಡಿದವನ ಹೆಸರಿಲ್ಲ

ನಮ್ಮ ಕರಾವಳಿಯ ಯಾವುದೇ ಪತ್ರಿಕೆಯ ಸ್ಥಳೀಯ ಪುಟ ತೆಗೆದು ನೋಡಿ. ಮಳೆ ನಿಂತ ಮೇಲೆ ಮೇ ತಿಂಗಳವರೆಗೆ ಪಂದ್ಯಾಟದ ಒಂದು ಸುದ್ದಿಯಾದರೂ ಇದ್ದೇ ಇರುತ್ತದೆ. ಆ ಸುದ್ದಿ ಹೇಗಿರುತ್ತದೆ ಎಂದು ನಮಗೆಲ್ಲ ಬಾಯಿಪಾಠ. ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟವು ಇತ್ತೀಚೆಗೆ ಶಾಲಾ ಮೈದಾನದಲ್ಲಿ ಜರುಗಿತು’ ಎಂದು ಶುರು. ಆಮೇಲೆ ಉದ್ಘಾಟಿಸಿದವರು ಯಾರು, ಅಧ್ಯಕ್ಷತೆ ವಹಿಸಿದವರು ಯಾರು, ಮುಖ್ಯ ಅತಿಥಿಗಳಾಗಿ ಬಂದವರು ಯಾರು ಎಂದು ಹದಿನೈದು ಹೆಸರು. ಕೊನೆಗೆ ಒಬ್ಬರು ಸ್ವಾಗತಿಸಿದರು, ಒಬ್ಬರು ವಂದಿಸಿದರು, ಒಬ್ಬರು ಕಾರ್ಯಕ್ರಮ ನಿರೂಪಿಸಿದರು. ಸುದ್ದಿ ಮುಗಿಯಿತು.

ಆಟ ಎಂತಾಯ್ತು ಮಾರಾಯ್ರೆ?

ಅದು ಇಲ್ಲ. ಗೆದ್ದ ತಂಡದ ಹೆಸರು ಕೆಲವೊಮ್ಮೆ ಇರುತ್ತದೆ, ಕೆಲವೊಮ್ಮೆ ಅದೂ ಇಲ್ಲ. ಎಷ್ಟು ಅಂಕದಿಂದ ಗೆದ್ದರು, ಫೈನಲ್‌ನಲ್ಲಿ ಯಾರು ರೈಡ್ ಮಾಡಿ ಅಂಕ ತಂದರು, ಸೋತ ತಂಡ ಯಾವ ಊರಿನದ್ದು, ಒಂದೂ ಗೊತ್ತಾಗುವುದಿಲ್ಲ. ಫೋಟೋ ಉಂಟಾ ಎಂದು ನೋಡಿದರೆ ಉಂಟು. ಆದರೆ ಅದು ವೇದಿಕೆಯ ಫೋಟೋ. ಶಾಲು ಹೊದ್ದು ಸಾಲಾಗಿ ನಿಂತ ಹತ್ತು ಹನ್ನೆರಡು ಮಂದಿ, ಮಧ್ಯದಲ್ಲಿ ಟ್ರೋಫಿ. ಬೆಳಗಿನ ಜಾವ 3 ಗಂಟೆಯವರೆಗೆ ಮಣ್ಣಿನಲ್ಲಿ ಬಿದ್ದು ಎದ್ದ ಹುಡುಗರು ಆ ಚಿತ್ರದ ಒಂದು ಮೂಲೆಯಲ್ಲಿ ಕಂಡರೂ ಕಂಡಾರು.

ಇನ್ನು ಕ್ರೀಡಾ ಪುಟ ಬೇರೆಯೇ ಉಂಟಲ್ಲ ಎನ್ನಬಹುದು. ಉಂಟು. ಅದು ಪೂರ್ತಿ ಕ್ರಿಕೆಟ್‌ಗೆ ಮೀಸಲು. ಐಪಿಎಲ್ ಶುರುವಾದರೆ ಎರಡು ತಿಂಗಳು ಬೇರೆ ಆಟ ಭೂಮಿಯ ಮೇಲೆ ಇಲ್ಲವೇನೋ ಅನ್ನಿಸುತ್ತದೆ. ಒಬ್ಬ ಆಟಗಾರನ ಬೆರಳು ನೋವಿಗೆ ಅರ್ಧ ಕಾಲಂ ಸಿಗುತ್ತದೆ, ನಮ್ಮ ಜಿಲ್ಲೆಯ ವಾಲಿಬಾಲ್ ತಂಡ ರಾಜ್ಯ ಮಟ್ಟಕ್ಕೆ ಹೋದದ್ದಕ್ಕೆ ನಾಲ್ಕು ಸಾಲು. ಕ್ರಿಕೆಟ್ ಮೇಲೆ ನನಗೆ ದ್ವೇಷ ಇಲ್ಲ. ನಮ್ಮ ಸುರತ್ಕಲ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್ ಆಡುವಾಗ ನಾವೂ ಸ್ಕೋರ್ ಕೇಳುವವರೇ. ಆದರೆ ಆ ಸ್ಕೋರ್ ರಾತ್ರಿಯೇ ಎಲ್ಲರ ಮೊಬೈಲ್‌ಗೆ ಬಂದಿರುತ್ತದೆ. ಬೆಳಿಗ್ಗೆ ಪತ್ರಿಕೆಯಲ್ಲಿ ಅದನ್ನೇ ಮತ್ತೆ ಅಚ್ಚು ಹಾಕಿದರೆ ಯಾರಿಗೆ ಹೊಸದು?

ದೊಡ್ಡ ಸುದ್ದಿಗೂ ಇದೇ ಗತಿ. 2023ರ ಮಾರ್ಚ್ 4ರಂದು ಕರ್ನಾಟಕದ ಫುಟ್ಬಾಲ್ ತಂಡ ಸಂತೋಷ್ ಟ್ರೋಫಿ ಗೆದ್ದಿತು. ಫೈನಲ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿತು. ರಾಜ್ಯಗಳ ನಡುವಿನ ಈ ರಾಷ್ಟ್ರೀಯ ಟ್ರೋಫಿಯನ್ನು ನಮ್ಮ ತಂಡ ಅದಕ್ಕೂ ಮೊದಲು ಗೆದ್ದದ್ದು 54 ವರ್ಷ ಹಿಂದೆ. ಆಗ ರಾಜ್ಯದ ಹೆಸರೇ ಮೈಸೂರು. ಇನ್ನೊಂದು ವಿಶೇಷ ಏನೆಂದರೆ ಆ ಫೈನಲ್ ನಡೆದದ್ದು ಸೌದಿಯ ರಿಯಾದ್‌ನಲ್ಲಿ. ಈ ಟ್ರೋಫಿಯ ಅಂತಿಮ ಹಂತದ ಪಂದ್ಯಗಳು ಭಾರತದ ಹೊರಗೆ ನಡೆದದ್ದು ಅದೇ ಮೊದಲು. ರಿಯಾದ್‌ನಲ್ಲಿ ನಮ್ಮವರು ಎಷ್ಟು ಮಂದಿ ಉಂಟು ಎಂದು ನಾನು ಹೇಳಬೇಕಾಗಿಲ್ಲ, ಪ್ರತಿ ಮೊಹಲ್ಲಾದಿಂದಲೂ ಉಂಟು. ಈಗ ನಿಮ್ಮ ಮನೆಯಲ್ಲೇ ಕೇಳಿ ನೋಡಿ, ಈ ವಿಷಯ ಎಷ್ಟು ಮಂದಿಗೆ ಗೊತ್ತು? ನಾನು ಮದ್ರಸದಲ್ಲಿ ದೊಡ್ಡ ತರಗತಿಯ ಮಕ್ಕಳ ಹತ್ತಿರ ಕೇಳಿದೆ. ಮೆಸ್ಸಿ ಯಾವ ತಂಡದಲ್ಲಿ ಆಡುತ್ತಾನೆ ಎಂದು ಎಲ್ಲರಿಗೂ ಗೊತ್ತುಂಟು. ಸಂತೋಷ್ ಟ್ರೋಫಿ ಎಂದರೆ ‘ಅದು ಯಾವುದು ಉಸ್ತಾದ್?’ ಎಂದರು. ಮಕ್ಕಳನ್ನು ದೂರಿ ಪ್ರಯೋಜನ ಇಲ್ಲ. ಅವರ ಕಣ್ಣಿಗೆ ಬೀಳುವ ಹಾಗೆ ನಾವು ಎಲ್ಲಿಯೂ ಬರೆದಿಟ್ಟಿಲ್ಲ.

ತಮ್ಮೂರಿನ ಪತ್ರಿಕೆಯ ಮೇಲೆ ಈ ಸಿಟ್ಟು ನಮಗೆ ಮಾತ್ರ ಇರುವುದಲ್ಲ. ಅಮೆರಿಕದ ಬೇಸ್‌ಬಾಲ್ ಅಭಿಮಾನಿಗಳಿಗೂ ಉಂಟು. ನಮಗೆ ಕ್ರಿಕೆಟ್ ಹೇಗೋ ಅಲ್ಲಿ ಬೇಸ್‌ಬಾಲ್ ಹಾಗೆ. ಅಲ್ಲಿನ ದೊಡ್ಡ ಲೀಗ್‌ನಲ್ಲಿ 30 ತಂಡಗಳು, ಒಂದೊಂದು ತಂಡಕ್ಕೆ ವರ್ಷಕ್ಕೆ 162 ಪಂದ್ಯ. ಪ್ರತಿ ಪಂದ್ಯದ ಮರುದಿನ ಪತ್ರಿಕೆಯಲ್ಲಿ ‘ಬಾಕ್ಸ್ ಸ್ಕೋರ್’ ಎಂಬ ಒಂದು ಸಣ್ಣ ಪಟ್ಟಿ ಬರುತ್ತಿತ್ತು. ಯಾರು ಎಷ್ಟು ಸಲ ಬ್ಯಾಟ್ ಮಾಡಿದ, ಎಷ್ಟು ಹೊಡೆತ, ಎಷ್ಟು ಓಟ, ಎಲ್ಲ ಮೂರು ಬೆರಳಗಲದ ಜಾಗದಲ್ಲಿ. ಅದನ್ನು ರೂಢಿಗೆ ತಂದವರಲ್ಲಿ ಮುಖ್ಯನಾದವನು ಹೆನ್ರಿ ಚಾಡ್ವಿಕ್. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಈತ ಮೊದಲು ಕ್ರಿಕೆಟ್ ವರದಿ ಮಾಡುತ್ತಿದ್ದವನು. 1850ರ ದಶಕದಲ್ಲಿ ಬೇಸ್‌ಬಾಲ್ ಕಡೆಗೆ ತಿರುಗಿ, ಕ್ರಿಕೆಟ್‌ನ ಅಂಕಪಟ್ಟಿಯನ್ನೇ ಆ ಆಟಕ್ಕೆ ಹೊಂದಿಸಿದ. ಬ್ಯಾಟ್ ಹಿಡಿದು ಹೆಸರು ಮಾಡಿದವನಲ್ಲ, ಬರೀ ಬರೆದವನು. ಆದರೂ 1938ರಲ್ಲಿ ಬೇಸ್‌ಬಾಲ್‌ನ ಮಹಾನ್ ಆಟಗಾರರ ಸಾಲಿನಲ್ಲಿ, ಹಾಲ್ ಆಫ್ ಫೇಮ್‌ನಲ್ಲಿ, ಅವನಿಗೆ ಜಾಗ ಕೊಟ್ಟರು. ಬರೆದಿಡುವ ಕೆಲಸಕ್ಕೆ ಅಲ್ಲಿ ಅಷ್ಟು ಬೆಲೆ.

ಅಂಥ ದೇಶದಲ್ಲಿ 2023ರ ಜುಲೈನಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ತನ್ನ ಅಚ್ಚಿನ ಪತ್ರಿಕೆಯಿಂದ ಈ ಬಾಕ್ಸ್ ಸ್ಕೋರ್ ತೆಗೆದುಹಾಕಿತು. ಪುಟಗಳನ್ನು ಬಹಳ ಬೇಗ ಮುದ್ರಣಕ್ಕೆ ಕಳಿಸಬೇಕು, ರಾತ್ರಿಯ ಪಂದ್ಯದ ಫಲಿತಾಂಶ ಅಷ್ಟರೊಳಗೆ ಸಿಗುವುದಿಲ್ಲ ಎಂಬುದು ಕಾರಣ. ಅದೇ ತಿಂಗಳು ನ್ಯೂಯಾರ್ಕ್ ಟೈಮ್ಸ್ ತನ್ನ ಕ್ರೀಡಾ ವಿಭಾಗವನ್ನೇ ಮುಚ್ಚುವುದಾಗಿ ಹೇಳಿ, ಹಿಂದಿನ ವರ್ಷ ತಾನು ಕೊಂಡುಕೊಂಡಿದ್ದ ‘ದಿ ಅಥ್ಲೆಟಿಕ್’ ಎಂಬ ಕ್ರೀಡಾ ಜಾಲತಾಣಕ್ಕೆ ಆ ಕೆಲಸ ವಹಿಸಿತು. ಬಾಲ್ಯದಿಂದ ಬೆಳಗಿನ ಚಹಾದ ಜೊತೆ ಆ ಪಟ್ಟಿ ಓದಿ ಬೆಳೆದವರಿಗೆ ಬೇಸರ ಆಗದೆ ಇದ್ದೀತೇ?

ಆದರೆ ಅವರಿಗೂ ನಮಗೂ ಒಂದು ದೊಡ್ಡ ವ್ಯತ್ಯಾಸ ಉಂಟು. ಅಲ್ಲಿ ಪತ್ರಿಕೆ ಕೈಬಿಟ್ಟರೂ ಲೆಕ್ಕ ಎಲ್ಲಿಗೂ ಹೋಗುವುದಿಲ್ಲ. ಲೀಗ್‌ನ ತಾಣದಲ್ಲಿ ಉಂಟು, ಮೊಬೈಲ್‌ನಲ್ಲಿ ಉಂಟು, ನೂರು ವರ್ಷ ಹಿಂದಿನ ಪಂದ್ಯದ ಅಂಕವನ್ನೂ ಹುಡುಕಿ ತೆಗೆಯಬಹುದು. ನಮ್ಮಲ್ಲಿ ಹಾಗಲ್ಲ. ಉಳ್ಳಾಲದ ಹುಡುಗರಿಗೂ ಕುದ್ರೋಳಿಯ ಹುಡುಗರಿಗೂ ಒಂದು ಫುಟ್ಬಾಲ್ ಪಂದ್ಯ ನಡೆದರೆ ಅದನ್ನು ಬರೆಯಬೇಕಾದದ್ದು ಊರಿನ ಪತ್ರಿಕೆಯೇ. ಪತ್ರಿಕೆ ಬರೆಯದಿದ್ದರೆ ಆ ಪಂದ್ಯದ ಲೆಕ್ಕ ಇನ್ನೆಲ್ಲೂ ಸಿಗುವುದಿಲ್ಲ. ಗೋಲು ಹೊಡೆದವನ ಗೆಳೆಯರಿಗೆ ನೆನಪಿದ್ದಷ್ಟು ದಿನ, ಅಷ್ಟೇ.

‘ಸ್ಥಳೀಯ ಆಟದ ಲೆಕ್ಕವೆಲ್ಲ ಬರೆಯುತ್ತಾ ಕೂತರೆ ಆಗುತ್ತದಾ?’ ಎಂದು ಪತ್ರಿಕೆಯವರು ಕೇಳಬಹುದು. ಆಗುತ್ತದೆ. ಅದಕ್ಕೆ ಸಾಕ್ಷಿ ನಮ್ಮ ಪತ್ರಿಕೆಗಳಲ್ಲೇ ಉಂಟು. ಕಂಬಳದ ವರದಿ ನೋಡಿ. ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ಅಡ್ಡ ಹಲಗೆ ಎಂದು ವಿಭಾಗವಾರು ಫಲಿತಾಂಶ. ಕೋಣಗಳ ಯಜಮಾನ ಯಾರು, ಓಡಿಸಿದವರು ಯಾರು, ಪ್ರಥಮ ಯಾರು, ದ್ವಿತೀಯ ಯಾರು, ಎಲ್ಲ ಚೊಕ್ಕವಾಗಿ ಬರುತ್ತದೆ. ಅತಿಥಿಗಳ ಹೆಸರೂ ಇರುತ್ತದೆ, ಇರಲಿ. ಆದರೆ ಓಡಿಸಿದವನ ಹೆಸರು ತಪ್ಪುವುದಿಲ್ಲ.

ಇದರಿಂದ ಎಂತ ಪ್ರಯೋಜನ ಆಯಿತು ಎಂಬುದನ್ನು 2020ರ ಫೆಬ್ರವರಿಯಲ್ಲಿ ಕಂಡಿದ್ದೇವೆ. ಐಕಳ ಕಂಬಳದಲ್ಲಿ ಮೂಡುಬಿದಿರೆ ಕಡೆಯ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಲೆಕ್ಕ ಹಾಕಿ, 100 ಮೀಟರಿಗೆ 9.55 ಸೆಕೆಂಡ್ ಆಯಿತಲ್ಲ, ಉಸೇನ್ ಬೋಲ್ಟ್ ದಾಖಲೆ 9.58 ಅಲ್ವಾ ಎಂದರು. ದೇಶ ವಿದೇಶದ ಪತ್ರಿಕೆಗಳೆಲ್ಲ ಬರೆದವು, ಕೇಂದ್ರದ ಕ್ರೀಡಾ ಸಚಿವರೇ ಅವರನ್ನು ಟ್ರಯಲ್ಸ್‌ಗೆ ಕರೆದರು. ಕೋಣ ಎಳೆಯುವ ಓಟಕ್ಕೂ ಟ್ರ್ಯಾಕಿನ ಓಟಕ್ಕೂ ಹೋಲಿಕೆ ಸರಿಯಲ್ಲ ನಿಜ. ಅವರೂ ಕಂಬಳವೇ ಸಾಕು ಎಂದು ಟ್ರಯಲ್ಸ್‌ಗೆ ಹೋಗಲಿಲ್ಲ. ನಾನು ಹೇಳುವುದು ಬೇರೆ. ಆ 13.62 ಎಂಬ ಅಂಕಿಯನ್ನು ಅಳೆದು, ಹೆಸರಿನ ಜೊತೆ ಬರೆದಿಟ್ಟದ್ದರಿಂದ ಜಗತ್ತಿಗೆ ಗೊತ್ತಾಯಿತು. ‘ಕಂಬಳವು ಇತ್ತೀಚೆಗೆ ವಿಜೃಂಭಣೆಯಿಂದ ಜರುಗಿತು’ ಎಂದು ಬರೆದು ಬಿಟ್ಟಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು?

ಕಂಬಳಕ್ಕೆ ಸಾಧ್ಯವಾದದ್ದು ಕಬಡ್ಡಿಗೆ, ವಾಲಿಬಾಲಿಗೆ, ಫುಟ್ಬಾಲಿಗೆ ಯಾಕೆ ಸಾಧ್ಯವಿಲ್ಲ? ಈ ಮಣ್ಣಿನಲ್ಲಿ ಪ್ರತಿಭೆ ಕಡಿಮೆ ಇಲ್ಲ. ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ 2010 ಮತ್ತು 2014ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ಕಬಡ್ಡಿ ತಂಡದಲ್ಲಿದ್ದರು, ಅರ್ಜುನ ಪ್ರಶಸ್ತಿ ಪಡೆದರು. ಅವರು ಚಿನ್ನ ಗೆದ್ದ ಮೇಲೆ ಎಲ್ಲರೂ ಬರೆದರು. ಅಂಥವರು ಶಾಲೆಯ ಮೈದಾನದಲ್ಲಿ ಆಡುವ ವಯಸ್ಸಿನಲ್ಲಿ ನಾಲ್ಕು ಸಾಲು ಬರೆಯುವವರು ಬೇಕು. ಆಗಲೇ ಮನೆಯವರಿಗೆ ಧೈರ್ಯ ಬೇಕಾಗಿರುವುದು.

ನನ್ನ ಮುಖ್ಯ ಮಾತು ಇದೇ. ನಮ್ಮ ಸಮುದಾಯದ ಮನೆಗಳಲ್ಲಿ ಆಟ ಎಂದರೆ ಇನ್ನೂ ‘ಕಾಲಹರಣ’. ಮಗ ಸಂಜೆ ಮೈದಾನದಿಂದ ಬೆವರಿ ಬಂದರೆ ಉಮ್ಮನ ಬೈಗುಳ. ಪಿಯುಸಿ ಮುಗಿದರೆ ಪಾಸ್‌ಪೋರ್ಟ್, ಆಮೇಲೆ ಗಲ್ಫ್. ಎಷ್ಟೋ ಒಳ್ಳೆಯ ಗೋಲಿಗಳು, ಸ್ಮ್ಯಾಷರ್‌ಗಳು ಇವತ್ತು ದುಬೈ, ದಮಾಮ್‌ನ ಅಂಗಡಿಗಳಲ್ಲಿ ಲೆಕ್ಕ ಬರೆಯುತ್ತಿದ್ದಾರೆ. ದುಡಿಮೆ ದೊಡ್ಡದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕ್ರೀಡಾ ಕೋಟಾದಲ್ಲಿ ಕಾಲೇಜು ಸೀಟು ಸಿಗುತ್ತದೆ, ಆಡುವವರಿಗೆ ಶುಲ್ಕ ಬಿಟ್ಟು ಹಾಸ್ಟೆಲ್ ಕೊಡುವ ಸಂಸ್ಥೆಗಳು ನಮ್ಮ ಜಿಲ್ಲೆಯಲ್ಲೇ ಉಂಟು ಎಂಬುದು ಎಷ್ಟು ಹೆತ್ತವರಿಗೆ ಗೊತ್ತು? ತಾಲೂಕು, ಜಿಲ್ಲೆ, ರಾಜ್ಯ ಎಂದು ಮೇಲೆ ಹೋಗುವ ಮೆಟ್ಟಿಲುಗಳನ್ನು ಪತ್ರಿಕೆ ತೋರಿಸಿದರೆ ತಾನೇ ಅವರಿಗೂ ಕಾಣುವುದು? ಗಲ್ಫ್‌ನಲ್ಲಿರುವ ತಂದೆ ಮಗನ ಹೆಸರನ್ನು ಅಂಕದ ಸಮೇತ ಪತ್ರಿಕೆಯಲ್ಲಿ ಓದಿದರೆ, ಆ ತುಂಡನ್ನು ರೂಮಿನವರಿಗೆಲ್ಲ ತೋರಿಸುತ್ತಾರೆ. ಮರುದಿನ ಮನೆಗೆ ಫೋನ್ ಮಾಡಿ ‘ಅವನಿಗೆ ಶೂ ತೆಗೆದುಕೊಡು’ ಎನ್ನುತ್ತಾರೆ. ಹೆಣ್ಣು ಮಕ್ಕಳ ಮಾತು ಹೇಳುವುದೇ ಬೇಡ. ಶಾಲೆಯ ಥ್ರೋಬಾಲ್ ತಂಡದಲ್ಲಿ ಆಡುವ ನಮ್ಮ ಹುಡುಗಿಯ ಹೆಸರು ಮದುವೆಯ ಕಾಗದಕ್ಕಿಂತ ಮೊದಲು ಅಚ್ಚಿನಲ್ಲಿ ಬರಬೇಕು.

ಹಾಗಂತ ಎಲ್ಲ ತಪ್ಪನ್ನೂ ಪತ್ರಿಕೆಯವರ ತಲೆಗೆ ಕಟ್ಟುವುದು ನ್ಯಾಯ ಅಲ್ಲ. ಊರಿನ ಬಿಡಿ ಸುದ್ದಿಗಾರನಿಗೆ ಸಿಗುವುದು ಅಷ್ಟಕ್ಕಷ್ಟೇ. ಅವನು ಅಪಘಾತಕ್ಕೂ ಹೋಗಬೇಕು, ಗ್ರಾಮಸಭೆಗೂ ಹೋಗಬೇಕು. ಪಂದ್ಯಾಟದ ಫೈನಲ್ ಮುಗಿಯುವುದು ಸುಬಹಿಯ ಹೊತ್ತಿಗೆ, ಪುಟ ಮುಚ್ಚುವುದು ಅದಕ್ಕಿಂತ ಎಷ್ಟೋ ಮೊದಲು. ಇನ್ನು ಸಂಘಟಕರು ಕಳಿಸುವ ಪ್ರಕಟಣೆ ನೋಡಿ. ಅದರಲ್ಲೇ ಅತಿಥಿಗಳ ಹೆಸರು ಮಾತ್ರ ಇರುವುದು! ದೇಣಿಗೆ ಕೊಟ್ಟವರ ಹೆಸರು ಒಂದು ಬಿಟ್ಟುಹೋದರೆ ಮುಂದಿನ ವರ್ಷ ದೇಣಿಗೆ ಇಲ್ಲ ಎಂಬ ಹೆದರಿಕೆ ಅವರಿಗೆ. ಆಟಗಾರನ ಹೆಸರು ಬಿಟ್ಟುಹೋದರೆ ಕೇಳುವವರು ಯಾರೂ ಇಲ್ಲ.

ಆದ್ದರಿಂದ ಕೆಲಸ ಎರಡೂ ಕಡೆಯಿಂದ ಆಗಬೇಕು. ನಮ್ಮ ಯಂಗ್‌ಮೆನ್ಸ್‌ಗಳು, ಯುವಕ ಸಂಘಗಳು ಪಂದ್ಯಾಟ ಇಡುವಾಗ ಪಿಯುಸಿ ಓದುವ ಒಬ್ಬ ಹುಡುಗನನ್ನು ಲೆಕ್ಕ ಬರೆಯಲು ಕೂರಿಸಲಿ. ವಾಲಿಬಾಲ್ ಆದರೆ ಸೆಟ್‌ಗಳ ಅಂಕ, ಫುಟ್ಬಾಲ್ ಆದರೆ ಗೋಲು ಹೊಡೆದವನು ಮತ್ತು ನಿಮಿಷ, ಕಬಡ್ಡಿ ಆದರೆ ರೈಡ್ ಅಂಕ, ಟ್ಯಾಕಲ್ ಅಂಕ. ಹೆಸರಿನ ಜೊತೆ ಊರಿನ ಹೆಸರು ಕಡ್ಡಾಯ, ಯಾಕೆಂದರೆ ನಮ್ಮ ಒಂದೇ ತಂಡದಲ್ಲಿ ಮೂರು ಮುಹಮ್ಮದ್, ಎರಡು ಅಬ್ದುಲ್ ರಹಿಮಾನ್ ಇರುತ್ತಾರೆ. ಬೆಳಿಗ್ಗೆ ಆ ಹಾಳೆಯ ಫೋಟೋ ತೆಗೆದು ವರದಿಗಾರನ ವಾಟ್ಸಾಪಿಗೆ ಕಳಿಸಿದರೆ ಮುಗಿಯಿತು.

ಪತ್ರಿಕೆಯವರಲ್ಲಿ ಕೇಳುವುದೂ ದೊಡ್ಡದೇನಲ್ಲ. ಮರುದಿನವೇ ಬರಬೇಕೆಂದಿಲ್ಲ. ವಾರಕ್ಕೊಂದು ಸಲ, ಮಂಗಳವಾರವೋ ಬುಧವಾರವೋ, ಜಿಲ್ಲೆಯಲ್ಲಿ ಆ ವಾರ ನಡೆದ ಪಂದ್ಯಗಳ ಅಂಕಪಟ್ಟಿಗೆ ಒಂದು ಕಾಲಂ ಬಿಡಿ. ವಿಶೇಷಣ ಬೇಡ, ‘ರೋಚಕ ಹಣಾಹಣಿ’ ಬೇಡ. ಹೆಸರು, ಊರು, ಅಂಕ ಸಾಕು. ವೇದಿಕೆಯ ಫೋಟೋ ಬದಲು ಗೆದ್ದ ತಂಡದ ಫೋಟೋ ಹಾಕಿ, ಸಾಲಿನಲ್ಲಿ ನಿಂತವರ ಹೆಸರು ಎಡದಿಂದ ಬಲಕ್ಕೆ ಬರೆಯಿರಿ. ಅತಿಥಿಗಳಿಗೆ ಬೇಸರ ಆದರೆ ಅವರ ಹೆಸರು ಕೊನೆಗೆ ಬರಲಿ. ನಮ್ಮ ಈ ವಾರದ ಪುಟದಿಂದಲೇ ಅದು ಶುರುವಾದರೆ ಇನ್ನೂ ಒಳ್ಳೆಯದು.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹುಟ್ಟಿದ್ದು 1843ರಲ್ಲಿ, ಇದೇ ಮಂಗಳೂರಿನಲ್ಲಿ. ಊರಿನ ಸುದ್ದಿ ಊರಿನವರಿಗೆ ಮುಟ್ಟಿಸುವ ಕೆಲಸಕ್ಕೆ ಇಲ್ಲಿ ಅಷ್ಟು ಹಳೆಯ ಬೇರುಂಟು. ಲಂಡನ್, ಮೆಲ್ಬೋರ್ನ್‌ನ ಸ್ಕೋರ್ ಕೊಡಲು ಸಾವಿರ ದಾರಿ ಉಂಟು. ನೆಹರೂ ಮೈದಾನದಲ್ಲಿ ನಿನ್ನೆ ಸಂಜೆ ಎರಡನೇ ಗೋಲು ಹೊಡೆದ ಹುಡುಗ ಯಾರ ಮಗ ಎಂದು ಹೇಳಬೇಕಾದದ್ದು ಊರಿನ ಪತ್ರಿಕೆಯೇ. ಮುಂದಿನ ಪಂದ್ಯಾಟದ ಸುದ್ದಿಯಲ್ಲಿ ಅವನ ಹೆಸರಿಗಾಗಿ ಹುಡುಕಿ. ಇಲ್ಲದಿದ್ದರೆ ಸಂಪಾದಕರಿಗೆ ಒಂದು ಫೋನ್ ಮಾಡಿ, ಸಂಘಟಕರಿಗೆ ಇನ್ನೊಂದು ಫೋನ್ ಮಾಡಿ.